ಎಡಚಕ್ರದ ಮೇಲಿನ ಉಬ್ಬು

2023ರ ಜೂನ್ ತಿಂಗಳಲ್ಲಿ ನಾನು ಹಾಸನದ ಹೊರವಲಯದ ಒಂದು ಕಾರು ವಿನ್ಯಾಸ ಸ್ಟುಡಿಯೋದಲ್ಲಿ ಕ್ಲೇ ಮಾಡೆಲರ್ ಆಗಿದ್ದೆ. ಸೇರಿ ಆರು ತಿಂಗಳಾಗಿತ್ತು. ಅದಕ್ಕೆ ಮುಂಚೆ ಇಪ್ಪತ್ತೊಂಬತ್ತು ವರ್ಷ ಹೊಳೆನರಸೀಪುರದಲ್ಲಿ ಟಿಂಕರ್ ಆಗಿದ್ದವನು. ಗುದ್ದಿದ ಕಾರಿನ ತಗಡನ್ನು ಬಡಿದು ಮೊದಲಿನ ಆಕಾರಕ್ಕೆ ತರುವ ಕೆಲಸಕ್ಕೆ ಟಿಂಕರಿಂಗ್ ಎನ್ನುತ್ತಾರೆ. ಶೆಡ್ಡು ನನ್ನೊಬ್ಬನದಲ್ಲ, ನನ್ನದು ಮತ್ತು ಧರಣೇಂದ್ರನದು.

ಧರಣೇಂದ್ರ ಚನ್ನರಾಯಪಟ್ಟಣದ ಜೈನರ ಮನೆಯವನು. ಅಣ್ಣಂದಿರು ಪಾತ್ರೆ ಅಂಗಡಿಯಲ್ಲಿ ಕೂತರೆ ಇವನು ಸುತ್ತಿಗೆ ಹಿಡಿದು ಬಂದ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕಾದ್ದರಿಂದ ನಮ್ಮ ಶೆಡ್ಡು ಐದಕ್ಕೇ ಮುಚ್ಚುತ್ತಿತ್ತು. ಬ್ಯಾಂಕಿನವರ ಥರ ಬಾಗಿಲು ಹಾಕುತ್ತೀರಲ್ಲ ಎಂದು ಗಿರಾಕಿಗಳು ಆಡಿಕೊಳ್ಳುತ್ತಿದ್ದರು. 2022ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅವನಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ಎರಡು ತಿಂಗಳು ಒಬ್ಬನೇ ಶೆಡ್ಡು ತೆಗೆದು ನೋಡಿದೆ. ಟಿಂಕರಿಂಗ್ ಇಬ್ಬರ ಕೆಲಸ. ತಗಡಿನ ಒಳಗಡೆಯಿಂದ ಒಬ್ಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಅದಕ್ಕೆ ಡಾಲಿ ಎಂದು ಹೆಸರು. ಹೊರಗಡೆಯಿಂದ ಇನ್ನೊಬ್ಬ ಬಡಿಯಬೇಕು. ನಾನು ಬಡಿದರೆ ಒಳಗಡೆ ಯಾರೂ ಇರುತ್ತಿರಲಿಲ್ಲ. ಬಾಡಿಗೆಯಾಳು ಇಟ್ಟುಕೊಂಡೆ, ಅವನು ಫೋನು ನೋಡುತ್ತಾ ಡಾಲಿ ಹಿಡಿಯುತ್ತಿದ್ದ. ಡಿಸೆಂಬರಿನಲ್ಲಿ ಶೆಡ್ಡು ಬಿಟ್ಟೆ. ಸ್ಟುಡಿಯೋದವರಿಗೆ ಕೈಯಿಂದ ಆಕಾರ ತಿಳಿಯುವವರು ಬೇಕಿದ್ದರು. ಎಸ್ಸೆಸ್ಸೆಲ್ಸಿ ಓದಿದವನನ್ನು ತೆಗೆದುಕೊಂಡರು. ದಿನಾ ನನ್ನೂರು ಹಳ್ಳಿಮೈಸೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ.

ಆಗ ನಡೆಯುತ್ತಿದ್ದುದು ಒಂದು ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕಿನ ಹೊರಮೈ ಕೆಲಸ. ವಹಿಸಿದ ಕಂಪನಿಯ ಹೆಸರು ಇಲ್ಲಿ ಬೇಡ. ಮೂವತ್ತೈದು ವರ್ಷದ ಹಿಂದೆ ಅವರದೇ ಒಂದು ಸಣ್ಣ ಪೆಟ್ರೋಲ್ ಕಾರು ಇತ್ತು. ಗಿಡ್ಡಗಿತ್ತು, ಓಟ ಜೋರು, ಹುಡುಗರಿಗೆ ಹುಚ್ಚು ಹಿಡಿಸಿತ್ತು. ಹೊಸ ಕಾರನ್ನು ನೋಡಿದವರಿಗೆ ಆ ಹಳೆಯದು ನೆನಪಾಗಬೇಕು ಎಂಬುದು ಅವರ ಬೇಡಿಕೆ. ಮುಂದೆ ನಾಲ್ಕು ಗುಂಡು ದೀಪ ಹಾಗೆಯೇ ಉಳಿದವು. ರೇಡಿಯೇಟರ್ ಇಲ್ಲದ್ದರಿಂದ ಜಾಲರಿಯ ಜಾಗದಲ್ಲಿ ಮುಚ್ಚಿದ ಕಪ್ಪು ಪಟ್ಟಿ ಬಂತು. ತೊಡಕಾದದ್ದು ಬ್ಯಾಟರಿಯಿಂದ. ಅದು ನೆಲದಡಿಯಲ್ಲಿ ಹಾಸಿಕೊಳ್ಳುವುದರಿಂದ ಕಾರು ಎತ್ತರವಾಗುತ್ತದೆ. ಓಡುವ ಕಾರು ನಿಂತ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಆ ಎತ್ತರವನ್ನು ಕಣ್ಣಿಗೆ ಇಳಿಸಬೇಕಾದರೆ ಹಿಂದಿನ ಚಕ್ರದ ಮೇಲೆ ಭುಜದಂಥ ಒಂದು ಉಬ್ಬು ಬೇಕು.

ನಮ್ಮ ಮುಖ್ಯ ಡಿಸೈನರ್ ಶ್ರುತಿ ಮೇಡಂ, ಮೈಸೂರಿನವರು, ಆ ಉಬ್ಬಿಗಾಗಿ ತಿಂಗಳುಗಟ್ಟಲೆ ಒದ್ದಾಡಿದ್ದರು. ಹಳೆಯ ಡ್ರಾಯಿಂಗುಗಳು ಕಂಪನಿಯಲ್ಲೂ ಉಳಿದಿರಲಿಲ್ಲ. ಕೊನೆಗೆ ಅರಕಲಗೂಡಿನ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಅಂಥದೊಂದು ಕಾರು ಇನ್ನೂ ಓಡುತ್ತಿದೆ ಎಂದು ಗೊತ್ತಾಗಿ, ಅದನ್ನು ಲಾರಿಯಲ್ಲಿ ತರಿಸಿದರು. ಕೆಂಪು ಬಣ್ಣ. ನಂಬರ್ ಪ್ಲೇಟು ಬಿಚ್ಚಿ, ಮೈಗೆಲ್ಲ ಬಿಳಿ ಪುಡಿ ಹೊಡೆದು ಸ್ಕ್ಯಾನ್ ಮಾಡಿದರು. ಎಡಗಡೆಯ ಹಿಂದಿನ ಚಕ್ರದ ಮೇಲೆ ಅವರು ಹುಡುಕುತ್ತಿದ್ದ ಉಬ್ಬು ಇತ್ತು. ಬಲಗಡೆ ಇರಲಿಲ್ಲ, ಅಲ್ಲಿ ತಗಡು ಹನ್ನೆರಡು ಮಿಲಿಮೀಟರಿನಷ್ಟು ಒಳಗಿತ್ತು. ಬಲಗಡೆ ಯಾವಾಗಲೋ ಗುದ್ದಿಸಿ ಕೆಟ್ಟದಾಗಿ ರಿಪೇರಿ ಮಾಡಿಸಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ತಲೆಯಾಡಿಸಿದೆ. ಎಡಗಡೆಯನ್ನೇ ಮೂಲವೆಂದು ಇಟ್ಟುಕೊಂಡು ಎರಡೂ ಕಡೆ ಮಾಡುವುದೆಂದಾಯಿತು.

ಕ್ಲೇ ಎಂದರೆ ಮನೆಯ ಹಿಂದಿನ ಜೇಡಿಮಣ್ಣಲ್ಲ. ಓವನ್ನಿನಲ್ಲಿ ಬಿಸಿ ಮಾಡಿದರೆ ಬೆಣ್ಣೆಯಾಗುತ್ತದೆ, ಆರಿದರೆ ಸೋಪಿನ ಹಾಗೆ ಕೆರೆಯಬಹುದು. ಕಾರಿನ ಪೂರ್ತಿ ಅಳತೆಯ ಚೌಕಟ್ಟಿಗೆ ಅದನ್ನು ಮೆತ್ತಿ, ಮೆಷಿನ್ ಒರಟಾಗಿ ಕೆತ್ತಿದ ಮೇಲೆ, ನಾವು ಕೈಯಿಂದ ನಯಮಾಡುತ್ತೇವೆ. ಹಿಂದಿನ ಎಡಭಾಗ ನನ್ನ ಪಾಲಿಗೆ ಬಂತು. ನಾಲ್ಕು ದಿನ ಕೆರೆದೆ. ಐದನೆಯ ದಿನ ಟಿಂಕರುಗಳ ಅಭ್ಯಾಸದಂತೆ ತೆಳು ಬಟ್ಟೆ ಹಾಸಿ ಅಂಗೈಯಿಂದ ಸವರಿದೆ. ಬಟ್ಟೆ ಇದ್ದರೆ ಕೈ ಜಾರುತ್ತದೆ, ತಗ್ಗುದಿಣ್ಣೆ ಚೆನ್ನಾಗಿ ತಿಳಿಯುತ್ತದೆ. ಬಾಗಿಲಿನಿಂದ ಹೊರಟ ಕೈ ಚಕ್ರದ ಮೇಲೆ ಏರಿ, ದೀಪದ ಹತ್ತಿರ ಇಳಿಯುವ ಮುಂಚೆ ಒಂದು ಗೇಣು ಸುಮ್ಮನೆ ಸಾಗಿತು. ಆ ಗೇಣು ನನಗೆ ಗೊತ್ತಿತ್ತು.

1998ರಲ್ಲಿ ಮಲ್ಲಿಪಟ್ಟಣದ ಹತ್ತಿರ ಮೋರಿಗೆ ಗುದ್ದಿದ ಇಂಥದೇ ಕಾರು ನಮ್ಮ ಶೆಡ್ಡಿಗೆ ಬಂದಿತ್ತು. ಆಗ ಬಿಳಿ ಬಣ್ಣ, ಬೇರೆ ಮಾಲೀಕ. ಎಡಗಡೆ ಹಿಂಬದಿ ಪೂರ್ತಿ ನುಜ್ಜಾಗಿತ್ತು, ಹೊಸ ಪ್ಯಾನೆಲ್ ಎಲ್ಲೂ ಸಿಗಲಿಲ್ಲ. ಧರಣೇಂದ್ರ ಹೊಸ ತಗಡು ತಂದು, ಮರಳಿನ ಚೀಲದ ಮೇಲಿಟ್ಟು, ಹನ್ನೊಂದು ದಿನ ಬಡಿದು ಆ ಭಾಗವನ್ನೇ ಹುಟ್ಟಿಸಿದ. ಬಲಗಡೆಗಿಂತ ಇದು ಉಬ್ಬಿದೆ, ಸರಿಮಾಡು ಎಂದು ನಾನು ಜಗಳಕ್ಕೆ ನಿಂತಿದ್ದೆ.

“ಆ ಕಡೇದು ಸೊರಗೋಗದೆ ಕಣ್ಲಾ, ನೋಡು. ನಾನ್ಯಾಕೆ ಅದ್ನ ನೋಡ್ಕಂಡು ಮಾಡ್ಲಿ?” ಎಂದಿದ್ದ.

ಮಾಲೀಕ ಅವಸರದಲ್ಲಿದ್ದ. ಹಾಗೆಯೇ ಒಯ್ದ.

ಎಲ್ಲರೂ ಊಟಕ್ಕೆ ಹೋದಾಗ ನಾನು ಕೆಂಪು ಕಾರಿನ ಡಿಕ್ಕಿ ತೆಗೆದು, ಒಳಗಿನ ಹಾಸನ್ನು ಎತ್ತಿ, ಕೈ ತೂರಿಸಿದೆ. ಕಂಪನಿಯ ಪ್ರೆಸ್ಸಿನಲ್ಲಿ ಒತ್ತಿದ ತಗಡು ಒಳಗೂ ನುಣ್ಣಗಿರುತ್ತದೆ. ಇಲ್ಲಿ ಸುತ್ತಿಗೆಯ ಗುರುತು ಒತ್ತೊತ್ತಾಗಿತ್ತು. ಅಂಚಿನಲ್ಲಿ ಹಿತ್ತಾಳೆ ಬೆಸುಗೆ. ಧರಣೇಂದ್ರ ಬಿಟ್ಟರೆ ಯಾರೂ ಅಷ್ಟು ಹಿತ್ತಾಳೆ ಸುರಿಯುತ್ತಿರಲಿಲ್ಲ.

ಕಂಪನಿಯವರು ಮಾದರಿ ನೋಡಲು ಬರುವುದಕ್ಕೆ ಒಂಬತ್ತು ದಿನವಿತ್ತು. ಹೇಳಿದರೆ ಉಬ್ಬು ಹೋಗುತ್ತದೆ. ಕಂಪನಿಯ ಪರಂಪರೆ ಎಂದು ಇಟ್ಟುಕೊಂಡದ್ದು ಪರಂಪರೆಯೇ ಅಲ್ಲವಲ್ಲ. ಹೇಳದಿದ್ದರೆ ಅವನು ಮಾಡಿದ ಆಕಾರ ಸಾವಿರಾರು ಕಾರುಗಳಲ್ಲಿ ರಸ್ತೆಗಿಳಿಯುತ್ತದೆ, ಬೇರೆಯವರ ಹೆಸರಿನಲ್ಲಿ. ಮೂರು ದಿನ ಬಾಯಿ ಬಿಡಲಿಲ್ಲ. ಇಂಥ ಪೇಚಿಗೆ ಸಿಕ್ಕಾಗ ನಾನು ಕೇಳುತ್ತಿದ್ದವನು ಒಬ್ಬನೇ. ಬಸ್ಸಿನಲ್ಲಿ ಎರಡು ಸಲ ಫೋನು ತೆಗೆದು ಅವನ ನಂಬರಿನವರೆಗೂ ಹೋಗಿ ಜೇಬಿಗಿಟ್ಟೆ.

ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗಿ ಅವನ ಹೆಂಡತಿ ಪದ್ಮಮ್ಮನಿಗೆ ಎಲ್ಲ ಹೇಳಿದೆ. ಅವನು ಹೆಸರಿಗಾಗಿ ದುಡಿದವನಲ್ಲ, ಸುಮ್ಮನಿದ್ದುಬಿಡಲೇ ಎಂದು ಕೇಳಿದೆ. ಆಕೆ ಸಿಟ್ಟಾದರು.

“ಹೆಸ್ರಿಗಲ್ಲ ಅಂತ ಎಲ್ರೂ ಹೇಳ್ತೀರ ಸೋಮಣ್ಣ. ರೋಡಲ್ಲಿ ಹಳೇ ಕಾರ್ ಹೋದ್ರೆ ನನ್ನ ನಿಲ್ಸಿ, ಇದು ನಂದು ಕಣೆ, ಇದು ನಂದು ಅಂತಿದ್ರು. ನೀನೋಗಿ ಹೇಳು. ಕಿತ್ತಾಕುದ್ರೆ ಕಿತ್ತಾಕ್ಲಿ.”

ಸೋಮವಾರ ಶ್ರುತಿ ಮೇಡಂಗೆ ಹೇಳಿದೆ. ಅವರು ನಂಬಲಿಲ್ಲ. ಕರೆದುಕೊಂಡು ಹೋಗಿ ಡಿಕ್ಕಿಯೊಳಗೆ ಕೈ ಹಾಕಿಸಿದೆ. ತುಂಬ ಹೊತ್ತು ಕೈ ಅಲ್ಲೇ ಇಟ್ಟುಕೊಂಡಿದ್ದರು.

“ಮೊದಲೇ ಯಾಕೆ ಹೇಳ್ಲಿಲ್ಲ?”

“ತೆಗೀತೀರಲ್ಲ ಮೇಡಂ, ಅದುಕ್ಕೆ.”

“ಇದನ್ನ ಬಡಿಯೋವಾಗ ನೀವೂ ಇದ್ರಾ?”

“ಒಳಗಡೆ ಡಾಲಿ ಹಿಡ್ದಿದ್ದೆ.”

ಅವರು ಉಬ್ಬನ್ನು ಉಳಿಸಲು ಎರಡು ದಿನ ಕಂಪನಿಯವರೊಂದಿಗೆ ವಾದ ಮಾಡಿದರು. ಅಷ್ಟರಲ್ಲಿ ಕಂಪನಿಯ ಹಳೆಯ ಎಂಜಿನಿಯರೊಬ್ಬರ ಮನೆಯಲ್ಲಿ ಮೂಲ ಕಾರಿನ ಫೋಟೋಗಳು ಸಿಕ್ಕವು. ಎರಡೂ ಕಡೆ ಚಪ್ಪಟೆ. ಬಲಗಡೆಯೇ ಅಸಲಿ. ಪರಂಪರೆ ಎಂದು ಹೇಳಿಕೊಂಡು ಮಾರುವಾಗ ಫೋಟೋಗೆ ಹೊಂದದ್ದನ್ನು ಇಡಲಾಗದು ಎಂದು ಕಂಪನಿಯವರು ಹೇಳಿದರು. ಎತ್ತರವನ್ನು ಮರೆಸಲು ಕೆಳಗೆ ಅಗಲವಾದ ಕಪ್ಪು ಪಟ್ಟಿ ಸಾಕಂತೆ.

ಎರಡೂ ಕಡೆಯ ಉಬ್ಬನ್ನು ಬೇರೆಯವರಿಂದ ತೆಗೆಸುತ್ತೇನೆ ಎಂದು ಮೇಡಂ ಅಂದರು. ನಾನೇ ತೆಗೆಯುತ್ತೇನೆ ಎಂದೆ. ಬೆಳಿಗ್ಗೆ ಹತ್ತಕ್ಕೆ ಕೂತು, ಮಧ್ಯಾಹ್ನ ಎರಡೂವರೆಗೆ ಹನ್ನೆರಡು ಮಿಲಿಮೀಟರ್ ಕೆರೆದು ಮುಗಿಸಿದೆ. ಉದುರಿದ ಕ್ಲೇಯನ್ನು ಗುಡಿಸಿ ಮತ್ತೆ ಓವನ್ನಿಗೆ ಹಾಕುವುದು ರೂಢಿ. ಹಾಗೆಯೇ ಹಾಕಿದೆ. ಮಾದರಿ ಒಪ್ಪಿಗೆಯಾಯಿತು.

ಕೆಂಪು ಕಾರನ್ನು ಹಿಂದಿರುಗಿಸಲು ಲಾರಿಯಲ್ಲಿ ನಾನೂ ಅರಕಲಗೂಡಿಗೆ ಹೋದೆ. ಇಳಿಸುವಾಗ ಮೇಷ್ಟ್ರಿಗೆ ಎಡಗಡೆಯ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಆ ಭಾಗವನ್ನೇ ನೋಡಿದರು.

“ಕಂಪ್ನಿಯೋರು ಫೋನ್ ಮಾಡಿದ್ರು ಕಣಪ್ಪ. ಅವರ ಶೋರೂಮಲ್ಲಿ ಇಡೋಕೆ ಬೇಕು, ಎಡಗಡೇನೂ ಮೊದ್ಲಿನಂಗೆ ಮಾಡಿಸ್ತೀವಿ, ಬೇಕಾದ್ರೆ ಹೊಸಾ ಕಾರೇ ಕೊಡ್ತೀವಿ ಅಂತ. ನಮ್ಮನೇವ್ರು ಹತ್ತೋದು ಈ ಕಡೆಯಿಂದ. ಕೇಳ್ದೆ. ಅದ್ನ ಮುಟ್ಟೋದ್ ಬ್ಯಾಡ ಅಂದ್ರು.” ಕನ್ನಡಕ ಹಾಕಿಕೊಂಡು, “ಇದ್ನ ಮಾಡ್ದೋರ ಹೆಸ್ರು ಇನ್ನೊಂದ್ಸಲ ಹೇಳಪ್ಪ,” ಎಂದರು.

ಹೇಳಿದೆ. ಆರ್‌ಸಿ ಪುಸ್ತಕವಿಟ್ಟ ಚೀಲದಿಂದ ಒಂದು ಚೀಟಿ ತೆಗೆದು ಬರೆದುಕೊಂಡರು. ಮೇಷ್ಟ್ರಲ್ಲವೇ, ಒತ್ತಕ್ಷರ ಸರಿಯಿದೆಯೇ ಎಂದು ತೋರಿಸಿದರು. ನಾನು ಒಬ್ಬನೇ ಬಸ್ಸು ಹತ್ತಿ ಬಂದೆ.

ಸ್ಟುಡಿಯೋ ಬಿಟ್ಟು ಈಗ ಒಂದು ವರ್ಷವಾಯಿತು. ಕೆಲಸ ಕಲಿಯಲು ಈಗಲೂ ಮನೆಗೆ ಬರುವವರು ಏನಾದರೂ ಹೇಳಿಕೊಡಿ ಎಂದರೆ ನನಗೆ ತಿಳಿದದ್ದು ಇಷ್ಟೇ. ಯಾವ ಕಾರಿನ ಬಾಡಿಯ ಮೇಲಾದರೂ ಕೈಯಿಡುವ ಮುಂಚೆ, ನಿಮಗಿಂತ ಮೊದಲು ಇದನ್ನು ಮುಟ್ಟಿದವರು ಯಾರು ಎಂದು ಕೇಳಿ. ಗೊತ್ತಾದರೆ ಅದನ್ನು ಬಾಯಿಬಿಟ್ಟು ಹೇಳಿ, ಅವರ ಕೈಕೆಲಸ ಅಳಿಸಿಹೋಗುತ್ತದೆ ಎಂದು ತಿಳಿದಿದ್ದರೂ ಹೇಳಿ. ಹೇಳುವವನೂ ಹೋದ ಮೇಲೆ ಅದು ಬರೀ ತಗಡು.