ರೆಕ್ಕೆಗೆ ಅಂಟಿಸಿದ ಬಾಳೆನಾರು

ಇಂಜಿನಿಯರಿಂಗ್ ಕೊನೆಯ ವರ್ಷ, 2002ರಲ್ಲಿ, ಮೊಳದುದ್ದದ ಮರದ ರೆಕ್ಕೆಯೊಂದು ನನ್ನ ಪ್ರಾಣ ತಿಂದಿತ್ತು. ವಿಮಾನದ ರೆಕ್ಕೆಯ ಮೂತಿಯನ್ನು ಜಾಸ್ತಿ ಮೇಲೆತ್ತಿದರೆ ಬೆನ್ನ ಮೇಲಿನ ಗಾಳಿ ಕಿತ್ತುಕೊಂಡು ಹೋಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಮೂತಿಯ ಹತ್ತಿರ ಸಣ್ಣ ಸೀಳು ಬಿಟ್ಟು ಒಳಗಿನಿಂದ ಚೂರೇ ಚೂರು ಗಾಳಿ ಊದಿದರೆ ಅದು ಮತ್ತೆ ಬೆನ್ನಿಗೆ ಅಂಟಿ ಹರಿಯುತ್ತದೆ. ಅದೇ ರೆಕ್ಕೆ ಹೆಚ್ಚು ಭಾರ ಎತ್ತುತ್ತದೆ, ಇಂಧನವೂ ಉಳಿಯುತ್ತದೆ. ಇದನ್ನು ಪರೀಕ್ಷಕರಿಗೆ ಕಣ್ಣಾರೆ ತೋರಿಸದಿದ್ದರೆ ನನ್ನ ಒಂದು ವರ್ಷ ಹೋಯಿತೆಂದೇ ಲೆಕ್ಕ.

ಆದರೆ ಗಾಳಿ ಕಾಣಬೇಕಲ್ಲ! ಅದಕ್ಕೆ ರೆಕ್ಕೆಯ ಬೆನ್ನಿಗೆ ಎಳೆಗಳನ್ನು ಅಂಟಿಸುತ್ತಾರೆ. ಗಾಳಿ ಅಂಟಿ ಹರಿದರೆ ಎಳೆಗಳು ಮಲಗಿರುತ್ತವೆ, ಕಿತ್ತುಕೊಂಡರೆ ಎದ್ದು ಕುಣಿಯುತ್ತವೆ. ನಾನು ತಂದ ಉಣ್ಣೆ ದಾರ ದಪ್ಪವಾಯಿತು. ಬ್ರಹ್ಮಾವರದ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ದಿನಾ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾರಲು ಕಳಿಸುತ್ತಿದ್ದಳು. ಆ ನಾರನ್ನೇ ಕೂದಲಿನಷ್ಟು ಸಪೂರವಾಗಿ ಸೀಳಿ ಕೊಟ್ಟಳು. ಒಂದೊಂದರ ತುದಿಗೂ ಅಂಟು ಹಚ್ಚಿ ಕೂರಿಸಿದೆ. ಮರುದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಅಮ್ಮನೇ ರೆಕ್ಕೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಟ್ಟಳು.

ಕಾಲೇಜಿನಲ್ಲಿ ಫ್ಯಾನಿನಿಂದ ಜೋರು ಗಾಳಿ ಹಾಯಿಸುವ ಸುರಂಗದಲ್ಲಿ ರೆಕ್ಕೆ ಇಟ್ಟು ಮೂತಿ ಎತ್ತಿದೆ. ಕುಣಿಯಬೇಕಿದ್ದ ಎಳೆಗಳು ಅಲ್ಲಾಡಲೇ ಇಲ್ಲ. ಒಳಗಿನಿಂದ ಗಾಳಿ ಊದಿದೆ, ಆಗಲೂ ಹಾಗೇ ಮಲಗಿದ್ದವು. ಇನ್ನು ನಾನು ತೋರಿಸುವುದೇನು, ಮಣ್ಣು? ಊಟ ಮುಗಿಸಿ ಪರೀಕ್ಷಕರು ಬರುವವರಿದ್ದರು.

ಫೋನ್ ಬೂತಿಗೆ ಓಡಿ ಮನೆಗೆ ಕರೆ ಮಾಡಿದೆ. "ನಿನ್ ನಾರು ನನ್ನ ವರ್ಷ ಹಾಳ್ ಮಾಡ್ತ್!" ಎಂದು ಬಾಯಿಗೆ ಬಂದಂತೆ ಬೈದೆ.

ಎಳೆಗಳು ಅಲ್ಲಾಡುತ್ತಲೇ ಇಲ್ಲ ಎಂಬುದನ್ನು ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಒಣಗ್ರೆ ನಾರ್ ತುಂಡಾತ್ತ್ ಅಂದೇಳಿ ನೀರ್ ಚಿಮುಕ್ಸಿ ಎಲಿ ಸುತ್ತಿದ್ದೆ ಮಗಳೇ. ಒದ್ದಿ ನಾರ್ ಅಂಟ್ಕಂಡೇ ಇರತ್ತ್. ಬಿಸ್ಲಿಗ್ ಇಡ್" ಎಂದಳು.

ಹೂ ಕಟ್ಟುವವರೆಲ್ಲ ನಾರನ್ನು ಒದ್ದೆ ಮಾಡಿಯೇ ಕಟ್ಟುವುದು. ಹುಟ್ಟಿದಾಗಿನಿಂದ ಅದನ್ನು ನೋಡಿದ ನನಗೆ ಹೊಳೆಯಲಿಲ್ಲ, ನನ್ನ ಬುದ್ಧಿಗಿಷ್ಟು! ರೆಕ್ಕೆಯನ್ನು ಕ್ಯಾಂಟೀನಿನ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು ಕಾವಲು ಕೂತೆ.

ಪರೀಕ್ಷಕರ ಎದುರು ಮೂತಿ ಎತ್ತಿದಾಗ ಎಳೆಗಳು ಎದ್ದು ಹುಚ್ಚುಹುಚ್ಚಾಗಿ ಕುಣಿದವು. ಗಾಳಿ ಊದಿದೆ. ಮುಂದಿನಿಂದ ಹಿಂದಕ್ಕೆ ಸಾಲಾಗಿ ಮಲಗಿದವು. "ಇನ್ನೊಂದ್ಸಲ ಮಾಡಿ" ಎಂದರು ಅವರು. ಮತ್ತೆ ಮಾಡಿದೆ, ಮತ್ತೆ ಹಾಗೇ ಆಯಿತು. ಗಾಳಿ ಊದಲು ಬೇಕಾಗುವ ಕರೆಂಟಿನ ಬಗ್ಗೆ ಒಂದು ಪ್ರಶ್ನೆ ಕೇಳಿ, ತಲೆಯಾಡಿಸಿ ಸಹಿ ಹಾಕಿದರು. ಬೆಳಗಿನಿಂದ ಹಿಡಿದಿಟ್ಟ ಉಸಿರು ಆಗ ಬಿಟ್ಟೆ.

ಸಂಜೆ ಮನೆ ಮುಟ್ಟಿದಾಗ ಅಮ್ಮ ಜಗಲಿಯಲ್ಲಿ ಕೂತಿದ್ದಳು. "ಎಂತಾಯ್ತ್?"

"ಪಾಸ್."

"ಅಬ್ಬಾ, ಸಾಕ್" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಪಕ್ಕದಲ್ಲಿ ಬುಟ್ಟಿಯಿತ್ತು. ಮಧ್ಯಾಹ್ನದೊಳಗೆ ಮಾರಾಟಕ್ಕೆ ಹೋಗಬೇಕಿದ್ದ ಮೊಗ್ಗೆಲ್ಲ ಅದರಲ್ಲೇ ಅರಳಿ ಮಾರಲು ಬಾರದಂತಾಗಿತ್ತು.

"ಫೋನ್ ಇಟ್ ಮೇಲೆ ನಿಂದೇ ಚಿಂತಿ. ನಾರ್ ಹಿಡುಕ್ ಆಯ್ಲಿಲ್ಲ" ಎಂದಳು.

ಬೈದದ್ದಕ್ಕೆ ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ನನ್ನನ್ನು ತಿರುಗಿಸಿ ಕೂರಿಸಿ, ಅರಳಿದ್ದನ್ನೆಲ್ಲ ಕಟ್ಟಿ ನನ್ನ ಜಡೆಗೇ ಮುಡಿಸಿದಳು. ಹೂವಿನ ಮನೆಯಲ್ಲಿ ಹುಟ್ಟಿಯೂ ನಾನು ಅಷ್ಟು ಮಲ್ಲಿಗೆ ಮುಡಿದದ್ದು ಅದೊಂದೇ ದಿನ.