ಅಮ್ಮನ ಮಾತು ಹೊತ್ತು ದಾರ್ ಎಸ್ ಸಲಾಮಿಗೆ

ಕುಂದಾಪುರ ಸ್ಟೇಶನ್ನಿನಲ್ಲಿ ನಾನು ಮುಂಬೈ ರೈಲು ಹತ್ತಿದ್ದು ೨೦೧೩ರ ಡಿಸೆಂಬರ್ ಇಪ್ಪತ್ತೊಂದರ ಸಂಜೆ. ಮುಂಬೈಯಿಂದ ದುಬೈ, ಅಲ್ಲಿ ವಿಮಾನ ಬದಲಿಸಿ ಆಫ್ರಿಕದ ದಾರ್ ಎಸ್ ಸಲಾಮ್. ಹಳದಿ ಜ್ವರದ ಸೂಜಿ ಹಾಕಿಸಿಕೊಳ್ಳಲು ಹದಿನೈದು ದಿನ ಮೊದಲೇ ಬೆಂಗಳೂರಿಗೆ ಹೋಗಿಬಂದಿದ್ದೆ. ವಿಮಾನ ಹತ್ತುವುದು ಅದೇ ಮೊದಲಾದರೂ ಹೆದರಿಕೆ ಇರಲಿಲ್ಲ. ಶಾಲೆ ಬಿಟ್ಟದ್ದು ಐದನೇ ಕ್ಲಾಸಿಗೆ. ಆದರೆ ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಮೀನು ಮಾರಿದವಳು ನಾನು, ದಾರಿ ಕೇಳಲು ನಾಚಿಕೆಪಡುವವಳಲ್ಲ.

ಹೆದರಿಕೆ ಇದ್ದದ್ದು ತಮ್ಮ ಶೇಖರನ ಎದುರು ನಿಲ್ಲುವುದಕ್ಕೆ. ಬ್ರಹ್ಮಾವರದ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವನು ದಾರ್ ಎಸ್ ಸಲಾಮಿನ ಒಂದು ಗುಜರಾತಿ ಹೋಟೆಲಿಗೆ ಅಡುಗೆಗೆ ಹೋಗಿದ್ದ. ಎಂಟು ವರ್ಷದ ಹಿಂದೆ ಒಂದು ದಿನ ಫೋನು ಮಾಡಿದ. "ಅಕ್ಕ, ಇಲ್ಲೇ ಒಂದ್ ಹೆಣ್ಣ್ ಕಂಡಿದ್ದೆ. ಕ್ರಿಶ್ಚನ್ರ್. ಕರ್ಕಂಡ್ ಬರ್ಲಾ ಅಂತ ಅಮ್ಮನ ಹತ್ರ ಕೇಳ್." ಅಮ್ಮನಿಗೆ ಕಿವಿ ಮಂದ. ಫೋನಿನಲ್ಲಿ ಬಂದದ್ದನ್ನೆಲ್ಲ ನಾನೇ ಅವಳ ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದೆ, ಅವಳು ಹೇಳಿದ್ದನ್ನು ಅವನಿಗೆ ಮುಟ್ಟಿಸುತ್ತಿದ್ದೆ. ಆ ದಿನ ಅಮ್ಮ ಕರ್ಕಂಡ್ ಬಾ ಎಂದಳು. ನಾನು ಫೋನಿನಲ್ಲಿ, "ಅಮ್ಮ ಬಪ್ಪುದೇ ಬೇಡ ಅಂದ್ಲ್" ಎಂದೆ. ಅಮ್ಮನಿಗೆ, "ಅವಂಗೆ ರಜೆ ಇಲ್ಲ ಅಂಬ್ರ್" ಎಂದೆ. ನನ್ನ ಮಗಳಿಗೆ ಬೈಂದೂರಿನ ಸಂಬಂಧ ಕೂಡಿಬರುತ್ತಿದ್ದ ಹೊತ್ತು ಅದು. ಗಂಡಿನ ಕಡೆಯವರು ಹಿಂದೆ ಸರಿದರೆ ಎಂದು ಹೆದರಿದ್ದೆ.

ಮಗಳ ಮದುವೆಯಾಯಿತು. ವರ್ಷ ಕಳೆದ ಮೇಲೆ ಬೈಂದೂರಿನ ಬೀಗರೇ, "ನಿಮ್ ತಮ್ಮ ಆಫ್ರಿಕದಗೆ ಮದಿ ಆದ ಅಂಬ್ರಲೆ, ಒಂದ್ಸಲ ಕರ್ಕಂಡ್ ಬಪ್ಪುಕಾಗ್ದಾ?" ಎಂದು ಕೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಅಮ್ಮ ಮೂರು ವರ್ಷ ಕಾದು ತೀರಿಕೊಂಡಳು. ಬದುಕಿದ್ದಾಗಲೇ ಬೇಡ ಎಂದವಳ ಮಣ್ಣಿಗೆ ಬರುವುದು ಯಾಕೆಂದು ಶೇಖರ ಬರಲಿಲ್ಲ. ಈಗ ಟಿಕೇಟು ಕಳಿಸಿದವನೂ ಅವನೇ. "ಕ್ರಿಸ್‌ಮಸ್ಸಿಗೆ ಬಾ ಅಕ್ಕ. ನೀನೊಬ್ಳಾರೂ ನನ್ ಮನೆ ಕಾಣ್." ಹೇಳದೆ ಹಿಂದೆ ಬರಬಾರದು ಎಂದು ನಿಶ್ಚಯಿಸಿಯೇ ಹೊರಟೆ.

ಇಪ್ಪತ್ತಮೂರರ ಮಧ್ಯಾಹ್ನ ವಿಮಾನದಿಂದ ಇಳಿದಾಗ ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗಾಯಿತು. ಕುಂದಾಪುರದ ಬೆಳಗಿನ ಸಣ್ಣ ಚಳಿ ಬಿಟ್ಟು ಬಂದಿದ್ದೆ. ಇಲ್ಲಿ ನಮ್ಮ ಏಪ್ರಿಲಿನ ಸೆಕೆ. ನಮ್ಮಲ್ಲಿ ಮೇ ತಿಂಗಳಲ್ಲಿ ಕೆಂಪಾಗುವ ಗುಲ್‌ಮೊಹರ್ ಇಲ್ಲಿ ರಸ್ತೆಯುದ್ದಕ್ಕೂ ಹೂ ಬಿಟ್ಟಿತ್ತು. ಇಲ್ಲಿಯವರು ಅದನ್ನು ಕ್ರಿಸ್‌ಮಸ್ ಮರ ಎನ್ನುತ್ತಾರಂತೆ.

ಶೇಖರ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದ.

"ಅಕ್ಕ, ಸಪೂರ ಆಯ್ದೆ ಮಾರಾಯ್ತಿ."

"ನೀನ್ ನನ್ ಪಾಲಿಂದೂ ತಿಂದ್ರೆ ನಾನ್ ಎಂತ ಮಾಡುದ್?"

ಪಕ್ಕದಲ್ಲಿ ಅವನ ಹೆಂಡತಿ ನೀಮಾ, ಆರು ವರ್ಷದ ಮಗಳು ಆಶಾ. ಎರಡೂ ಕಡೆಯವರ ಬಾಯಿಗೆ ಬರುವ ಹೆಸರೆಂದು ಹುಡುಕಿ ಇಟ್ಟದ್ದಂತೆ. ನೀಮಾ ನನ್ನನ್ನು "ದಾದಾ" ಎಂದು ಕರೆದಳು. ಮುಂಬೈಯಲ್ಲಿ ದಾದಾ ಎಂದರೆ ರೌಡಿ. ನಾನು ತಿರುಗಿ ನೋಡಿದೆ. ಶೇಖರ ನಗಾಡಿ, "ಇಲ್ಲ್ ಅಕ್ಕಂಗೆ ದಾದಾ ಅಂಬುದ್. ನಿಂಗೆ ಎರ್ಡೂ ಸರಿ ಹೊಂದತ್ತ್" ಎಂದ.

ಆಮೇಲೆ ನೀಮಾ ತುಸು ಬಗ್ಗಿ, "ಶಿಕಮೂ" ಎಂದಳು. ಹೇಳಿ ಅಲ್ಲೇ ನಿಂತಳು.

"ನಿಮ್ ಕಾಲ್ ಹಿಡಿತೆ ಅಂದ ಹಾಂಗೆ ಅದ್. ಹಿರಿಯರ್ 'ಮರಹಬಾ' ಅನ್ಕ್. ಒಪ್ಪಿದೆ ಅಂತ" ಎಂದು ಶೇಖರ ಹೇಳಿಕೊಟ್ಟ. ನಾನು ಮರಹಬಾ ಎಂದೆ. ಅವಳ ಮುಖ ನೋಡದೆ ಆಶಾಳ ಕೈ ಹಿಡಿದೆ.

ಮರುದಿನ ಹಬ್ಬಕ್ಕೆ ಮೀನು ತರಲು ಹಡಗುಕಟ್ಟೆಯ ಪಕ್ಕದ ಮೀನು ಮಾರ್ಕೆಟ್ಟಿಗೆ ಹೋದೆವು. ಅಲ್ಲಿ ನನಗೆ ಹೊಸ ದೇಶ ಎಂದೇ ಅನಿಸಲಿಲ್ಲ. ಅದೇ ವಾಸನೆ, ಅದೇ ಕೂಗಾಟ, ಕಾಲಡಿಗೆ ಅದೇ ನೀರು. ಒಬ್ಬ ಅಂಜಲ್ ಮೀನು ಎತ್ತಿ ತೋರಿಸಿದ. ಕಿವಿರು ಬಿಡಿಸಿ ನೋಡಿ, "ಹ್ವಾಯ್, ಇದ್ ಮೊನ್ನಿದ್! ಯಾರಿಗ್ ಟೊಪ್ಪಿ ಹಾಕೂಕ್ ಕಾಣ್ತೆ?" ಎಂದೆ. ನಾನು ಹೇಳಿದ್ದು ನಮ್ಮ ಕನ್ನಡದಲ್ಲಿ, ಅವನು ಉತ್ತರ ಕೊಟ್ಟದ್ದು ಅವನ ಸ್ವಾಹಿಲಿಯಲ್ಲಿ. ಇಬ್ಬರಿಗೂ ಅರ್ಥವಾಯಿತು. ನಗುತ್ತ ಹಿಂದಿನ ಬುಟ್ಟಿಯಿಂದ ಬೇರೆ ಅಂಜಲ್ ತೆಗೆದ. ಅದು ಒಳ್ಳೆಯದಿತ್ತು. ಸುತ್ತಲಿನವರು ಚಪ್ಪಾಳೆ ಹೊಡೆದರು.

ಶೇಖರನ ಮನೆ ಇರುವುದು ಕಿಗಂಬೋನಿ ಎಂಬಲ್ಲಿ, ನೀರಿನ ಆಚೆ ದಡ. ಫೆರ್ರಿಯಲ್ಲಿ ದಾಟಬೇಕು. ಒಬ್ಬರಿಗೆ ಇನ್ನೂರು ಶಿಲ್ಲಿಂಗ್, ನಮ್ಮ ಏಳೆಂಟು ರೂಪಾಯಿ. ಕುಂದಾಪುರದಿಂದ ಗಂಗೊಳ್ಳಿಗೆ ದೋಣಿ ದಾಟಿದ ಹಾಗೆಯೇ, ಆದರೆ ಇದರಲ್ಲಿ ಲಾರಿಯೂ ಬರುತ್ತದೆ. ಮಾರ್ಕೆಟ್ಟಿನಿಂದ ಹಿಂದೆ ಬರುವಾಗ ನಡುನೀರಿನಲ್ಲಿ ಶೇಖರ ಕೇಳಿದ. "ಅಮ್ಮ ಇದ್ದಿದ್ರೂ ಇಲ್ಲಿಗ್ ಬತ್ತಿರ್ಲಿಲ್ಲ, ಅಲ್ದಾ ಅಕ್ಕ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಮೀನಿನ ಚೀಲದ ಬಾಯಿ ಬಿಗಿಯಾಗಿ ಕಟ್ಟುತ್ತ ಕೂತೆ. ದಡ ಬಂತು.

ಕ್ರಿಸ್‌ಮಸ್ ದಿನ ಬೆಳಗ್ಗೆ ಇಗರ್ಜಿಗೆ ಹೋದೆವು. ತಗಡಿನ ಮಾಡು, ಕಿಟಕಿಗಳೆಲ್ಲ ತೆರೆದಿದ್ದವು. ಹೆಂಗಸರು ಹೂಬಣ್ಣದ ಹೊಸ ಬಟ್ಟೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಹಾಡುತ್ತಿದ್ದರು. ಮೂಲೆಯ ಗಿಡಕ್ಕೆ ಹಿಮದ ಹಾಗೆ ಕಾಣಲೆಂದು ಹತ್ತಿ ಅಂಟಿಸಿದ್ದರು. ಅದರ ಕೆಳಗೆ ಆಶಾ ಬೆವರು ಒರೆಸಿಕೊಳ್ಳುತ್ತಿದ್ದಳು. ನನಗೆ ಕ್ರಿಸ್‌ಮಸ್ ಎಂದರೆ ನಮ್ಮ ಪಕ್ಕದ ಮನೆಯ ಬಾಯಮ್ಮ ಕಳಿಸುವ ಕುಸ್ವಾರ್ ತಿಂಡಿಗಳ ತಟ್ಟೆ, ಅಷ್ಟೆ. ಆದರೂ ಆ ಹಾಡಿನ ನಡುವೆ ಕೂತದ್ದು ಪರಕೀಯ ಅನಿಸಲಿಲ್ಲ.

ಮನೆಯಲ್ಲಿ ನೀಮಾ ಕಾಯಿ ತುರಿಯಲು ಕೂತಳು. ನಮ್ಮ ಹೆರಮಣೆಯೇ, ಕಾಲು ಮಡಚುವಂಥದ್ದು. ಅವಳನ್ನು ಎಬ್ಬಿಸಿ ನಾನೇ ಐದು ಕಾಯಿ ತುರಿದೆ. ಪಿಲಾವು ಆಯಿತು, ಕಾಯಿಹಾಲಿನಲ್ಲಿ ಅಂಜಲ್ ಆಯಿತು. ಊಟಕ್ಕೆ ಮೊದಲು ನೀಮಾ ನನ್ನೆದುರು ಬಂದು, ನಿಜವಾಗಿಯೂ ನೆಲಕ್ಕೆ ಬಗ್ಗಿ ನನ್ನ ಕಾಲು ಮುಟ್ಟಿ, "ಶಿಕಮೂ ದಾದಾ" ಎಂದಳು. ಹಬ್ಬದ ದಿನ ನಮ್ಮೂರಲ್ಲಿ ಹಾಗೆ ಮಾಡುತ್ತಾರೆಂದು ಶೇಖರ ಕಲಿಸಿದ್ದನಂತೆ.

ನನ್ನಿಂದ ಮರಹಬಾ ಎನ್ನಲು ಆಗಲಿಲ್ಲ. ಅವಳು ಬಗ್ಗಿಯೇ ಇದ್ದಳು.

"ಅಕ್ಕ, ಅನ್ ಮಾರಾಯ್ತಿ. ಅವ್ಳ್ ಏಳೂಕಾಗ್ದೆ ಇದ್ಲ್" ಎಂದು ಶೇಖರ ನಗಾಡಿದ.

ನಾನು ಅವಳ ತೋಳು ಹಿಡಿದು ಎಬ್ಬಿಸಿದೆ. "ಶೇಖರ, ಅಮ್ಮ ಬೇಡ ಅನ್ಲಿಲ್ಲ. ಬೇಡ ಅಂದದ್ದ್ ನಾನ್."

ಅವನಿಗೆ ಮೊದಲು ತಿಳಿಯಲಿಲ್ಲ. ಬೈಂದೂರಿನ ಸಂಬಂಧದಿಂದ ಹಿಡಿದು ಎಲ್ಲ ಹೇಳಿದೆ. ಕೇಳಿದವನು ಎದ್ದು ಅಂಗಳಕ್ಕೆ ಹೋದ. ಪಿಲಾವು ಆರಿತು. ಎಷ್ಟೋ ಹೊತ್ತಿನ ಮೇಲೆ ಒಳಗೆ ಬಂದು ನಿಂತುಕೊಂಡೇ, "ಅಮ್ಮ ಹೇಳಿದ್ದ್ ಎಂತ? ಹ್ಯಾಂಗ್ ಹೇಳಿದ್ಲೋ ಹಾಂಗೇ ಹೇಳ್. ನಿನ್ ಮಾತ್ ಬೇಡ" ಎಂದ.

ಹೇಳಿದೆ. "'ಆ ಹೆಣ್ಣನ್ನೂ ಕರ್ಕಂಡ್ ಬಪ್ಪುಕ್ ಹೇಳ್. ಯಾವ ಜಾತಿ ಆರೂ ನಂಗ್ ಅಡ್ಡಿಲ್ಲ. ಮೀನ್ ತಿಂತ್ಳಾ ಕೇಳ್.'"

ಶೇಖರ ನಡೆದದ್ದನ್ನೂ ಅಮ್ಮನ ಮಾತನ್ನೂ ಸ್ವಾಹಿಲಿಯಲ್ಲಿ ನೀಮಾಳಿಗೆ ಹೇಳಿದ. ಮೀನಿನ ಮಾತಿಗೆ ಅವಳಿಗೆ ನಗು ಬಂತು. ನಗುತ್ತಿದ್ದವಳು ಹೆಗಲ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು. ಶೇಖರ ಉಣ್ಣಲಿಲ್ಲ.

ಆಮೇಲಿನ ನಾಲ್ಕು ದಿನ ಅವನು ನನ್ನ ಹತ್ತಿರ ಮಾತಾಡಲಿಲ್ಲ. ನಾನೂ ಕೆದಕಲಿಲ್ಲ. ಆಶಾಳಿಗೆ ಎಣ್ಣೆ ಹಚ್ಚಿ ಮೀಯಿಸಿದೆ, ಸಮುದ್ರದ ಹೊಯ್ಗೆಯಲ್ಲಿ ಅವಳೊಂದಿಗೆ ನಡೆದೆ. ನೀಮಾಳಿಗೆ ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಲು ಕೈಸನ್ನೆಯಲ್ಲೇ ಕಲಿಸಿದೆ.

ಮೂವತ್ತನೇ ತಾರೀಕು ವಿಮಾನ ನಿಲ್ದಾಣದ ಬಾಗಿಲಲ್ಲಿ ಅವನು ಬಾಯಿ ಬಿಟ್ಟ.

"ಊರಗೆ ನನ್ನ ಎಂತ ಅಂತ್ರ್?"

"ಅಮ್ಮನ ಮಣ್ಣಿಗೂ ಬಾರದವ ಅಂತ್ರ್."

"ನಿನ್ನ್ ಮಾಫ್ ಮಾಡ್ದೆ ಅಂತ ಈಗ ಹೇಳೂಕ್ ಬತ್ತಿಲ್ಲ. ಮೊದ್ಲ್ ಊರಗೆ ಅದ್ನ ಸರಿ ಮಾಡ್. ಮನಿ ಒಳ್ಗೆ ಅಲ್ಲ, ಮಾರ್ಕೆಟಗೆ ಹೇಳ್."

ಬ್ಯಾಗು ನನ್ನ ಕೈಗೆ ಕೊಟ್ಟು ಹೊರಟ. ಒಳಗಿನ ಗಾಜಿನಿಂದ ನೋಡಿದೆ. ಆಶಾ ಅವನ ಹೆಗಲ ಮೇಲಿಂದ ಕೈ ಬೀಸುತ್ತಲೇ ಇದ್ದಳು, ಅವನು ತಿರುಗಲಿಲ್ಲ.

ಕುಂದಾಪುರಕ್ಕೆ ಬಂದ ಮರುಬೆಳಗ್ಗೆಯೇ ಮಾರ್ಕೆಟ್ಟಿಗೆ ಹೋದೆ. ತೆಕ್ಕಟ್ಟೆಯಿಂದ ಬರುವ ಚಂದು, ನನ್ನ ಪಕ್ಕದಲ್ಲೇ ಕೂತು ಮಾರುವವಳು, ದೂರದಿಂದಲೇ ಕೂಗಿದಳು. "ಹ್ವಾಯ್ ಪದ್ದಕ್ಕ, ಆಫ್ರಿಕದಿಂದ ಎಂತ ತಂದ್ಯೇ? ಆ ನಿನ್ ತಮ್ಮ ಹೊಟ್ಟಿಗಾರೂ ಹಾಕಿದ್ನಾ?"

ಬುಟ್ಟಿ ಇಳಿಸಿ ನಿಂತಲ್ಲೇ ನಾನು ಮಾಡಿದ್ದನ್ನೆಲ್ಲ ಹೇಳಿದೆ. ಗಿರಾಕಿಗಳೂ ಇದ್ದರು. ಅವರು ಕೇಳಿದರೆ ಕೇಳಲಿ ಎಂದು ಸ್ವರ ತಗ್ಗಿಸಲಿಲ್ಲ. ಮೀನು ಕೊಯ್ಯುತ್ತಿದ್ದವರ ಕತ್ತಿ ನಿಂತಿತು. ಮುಗಿದ ಮೇಲೆ ಚಂದು ಎದ್ದು ನನ್ನ ಹತ್ತಿರ ಬಂದಳು.

"ಅವಂಗೆ ಫೋನ್ ಹಾಕ್" ಎಂದಳು.

"ಅಲ್ಲ್ ಈಗ ಬೆಳಗ್ಗೆ ಏಳ್ ಗಂಟೆ."

"ಎಷ್ಟಾರೂ ಆಯ್ಲಿ. ಹಾಕ್."

ಹಾಕಿದೆ. ಚಂದು ಕೈಯನ್ನು ಸೀರೆಗೆ ಒರೆಸಿ ಫೋನು ಕಸಿದುಕೊಂಡಳು. "ಶೇಖರ, ನಾನ್ ಚಂದು. ನಿನ್ನ ಐದ್ ವರ್ಷ ಬೈದಿದ್ದೆ ಮಾರಾಯಾ, ಬಾಯಿಗ್ ಬಂದ ಹಾಂಗೆ. ಅದೆಲ್ಲ ಇವತ್ತಿಂದ ನಿನ್ ಅಕ್ಕನ ಲೆಕ್ಕಕ್ಕೆ. ನೀನ್ ಹೆಂಡ್ತಿ ಮಗ್ಳನ್ನ ಕರ್ಕಂಡ್ ಬಾ, ಇಲ್ಲ್ ಯಾರ್ ಎಂತ ಅಂತ್ರ್ ನಾನ್ ಕಾಣ್ತೆ."

ಅವನು ಏನೆಂದನೋ ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಆಚೆ ಸಾಲಿನವಳು ಫೋನು ತೆಗೆದುಕೊಂಡಳು, ಅವಳಿಂದ ಮತ್ತೊಬ್ಬಳು. ಗಿರಾಕಿಯೊಬ್ಬರು ಬಂಗುಡೆ ಕೇಳಿದರು. ನಾನು ಕೂತು ಕೊಯ್ಯತೊಡಗಿದೆ. ನನ್ನ ಫೋನು ಅವರ ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲರೂ ಅವನೊಡನೆ ತಾವೇ ಮಾತಾಡುತ್ತಿದ್ದರು.