ಮಾಳಿಗೆಯ ಕದಕ್ಕೆ ಚಿಲಕ ಯಾವ ಕಡೆ

ಮನೆ ಬಾಡಿಗೆಗೆ ಕೊಡಬೇಕೆನ್ನುವವರು ಈಗಲೂ ನನ್ನ ಹತ್ತಿರ ಬಂದು ಕೂಡುತ್ತಾರೆ. ಎಷ್ಟು ಕೇಳಬೇಕು, ಎಂಥವರಿಗೆ ಕೊಡಬೇಕು, ಮುಂಗಡ ಹಿಡಿಯಬೇಕೋ ಬೇಡವೋ ಎಂದೆಲ್ಲ ವಿಚಾರಿಸುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: ಆ ಮನೆಯಲ್ಲಿ ಒಲೆ ಹಚ್ಚುವವಳು ಬಂದು ಮನೆ ನೋಡಿದ್ದಾಳೆಯೇ? ಹೆಚ್ಚಿನವರು ಇಲ್ಲವೆನ್ನುತ್ತಾರೆ. ಹಾಗಾದರೆ ನಿಮ್ಮ ಮನೆಯನ್ನು ಇನ್ನೂ ಯಾರೂ ನೋಡಿಲ್ಲ ಎನ್ನುತ್ತೇನೆ. ಇದು ನಾನು ಜಹೀರಾಬಾದಿನಲ್ಲಿ, ನಿಜಾಮರ ಕಾಲದಲ್ಲಿ, ಮದುವೆಯಾಗಿ ಬಂದ ಹೊಸದರಲ್ಲೇ ಕಲಿತದ್ದು.

ಮದುವೆಗೆ ಮುಂಚೆ ನಾನು ಓದಿದ್ದು ಇಂಗ್ಲಿಷ್ ಕಾನ್ವೆಂಟಿನಲ್ಲಿ, ನನ್ನ ತವರು ತಾಂಡೂರು. ಅಲ್ಲಿ ಬಾಡಿಗೆಗೆ ಕೊಡುವ ಕಿರಾಯಿ ಮನೆ ಖಾಲಿ ಬೀಳುವುದೇ ಅಪರೂಪ. ರೈಲಿನವರು, ಕಲ್ಲಿನ ಗಣಿಯ ಗುಮಾಸ್ತರು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇರುತ್ತಿದ್ದರು. ನಮ್ಮಪ್ಪ ಕಿರಾಯಿ ಮನೆಗಳಿಗೂ ನುಣ್ಣನೆಯ ಹಾಸುಗಲ್ಲು ಹಾಕಿಸಿದ್ದರು. ಬೇಸಿಗೆಯಲ್ಲಿ ಅದರ ಮೇಲೆ ಬರಿ ಬೆನ್ನು ಹಾಕಿ ಮಲಗಿದವರು ಬೇರೆ ಮನೆ ಹುಡುಕುತ್ತಿರಲಿಲ್ಲ. ಜಹೀರಾಬಾದಿನ ಲೆಕ್ಕ ಬೇರೆ. ತೊಗರಿ, ಬೆಲ್ಲ ಬರುವ ಕಾಲಕ್ಕೆ ಹೊರಗಿನ ವ್ಯಾಪಾರಿಗಳು ಸಿಕ್ಕ ಕೋಣೆ ಹಿಡಿಯುತ್ತಿದ್ದರು, ಸುಗ್ಗಿ ಮುಗಿದೊಡನೆ ಬೀಗದಕೈ ಕೊಟ್ಟು ಹೋಗಿಬಿಡುತ್ತಿದ್ದರು. ಆಗ ಹೆಚ್ಚು ಕಿರಾಯಿ ಸಿಗುತ್ತದೆಂದು ಆಸೆಪಟ್ಟವರ ಮನೆಗಳು ಉಳಿದ ತಿಂಗಳು ಇಲಿಗಳ ಪಾಲು. ವರ್ಷಗಟ್ಟಲೆ ನಿಲ್ಲುವವರೆಂದರೆ ವರ್ಗವಾಗಿ ಬರುವ ಸರ್ಕಾರಿ ನೌಕರರು. ಸ್ವಲ್ಪ ಕಡಿಮೆ ಕೊಟ್ಟರೂ ಅಂಥವರೇ ವಾಸಿ ಎಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ.

ಅತ್ತೆಯವರ ತವರು ನಾರಾಯಣಖೇಡ. ಆ ಕಡೆ ಮನೆಗೆ ಕಿರಾಯಿ ಕೇಳುವುದೇ ನಾಚಿಕೆಯ ಕೆಲಸ. ಬಂದವರಿಗೆ ಪಡಸಾಲೆ ಬಿಟ್ಟುಕೊಟ್ಟು ಊಟಕ್ಕೂ ಕರೆಯುತ್ತಿದ್ದರಂತೆ. ಜಹೀರಾಬಾದಿಗೆ ಬಂದ ಮೇಲೆ ಕಿರಾಯಿ ತೆಗೆದುಕೊಳ್ಳುವುದು ಅತ್ತೆಯವರಿಗೆ ರೂಢಿಯಾಗಿತ್ತು. ಆದರೆ ಕಿರಾಯಿ ಕೊಟ್ಟವರಿಗೆ ಅದರ ಜೊತೆ ಏನೋ ಹಕ್ಕೂ ಹೋಗುತ್ತದೆ ಎನ್ನುವುದು ಮಾತ್ರ ಅವರಿಗೆ ರೂಢಿಯಾಗಿರಲಿಲ್ಲ.

ನಮ್ಮವು ಒಂದಕ್ಕೊಂದು ಅಂಟಿಕೊಂಡ ಮೂರು ಮನೆಗಳು. ಈ ತುದಿಯಲ್ಲಿ ನಾವು. ಆ ತುದಿಯಲ್ಲಿ ಅತ್ತೆಯವರ ತಂಗಿ, ನನಗೆ ಚಿಕ್ಕತ್ತೆ. ಅಕ್ಕ ತಂಗಿಯರು ಒಂದೇ ಮನೆತನದ ದಾಯಾದಿಗಳನ್ನು ಮದುವೆಯಾಗಿದ್ದರು. ನಡುವಿನದು ಕಿರಾಯಿ ಮನೆ. ಮೂರಕ್ಕೂ ಸೇರಿ ಮಣ್ಣು ಹೊದಿಸಿದ ಒಂದೇ ಸಮನಾದ ಮಾಳಿಗೆ, ಮೇಲೆ ನಡೆದಾಡಬಹುದಾದ ಚಪ್ಪಟೆ ಸೂರು, ಅಲ್ಲಲ್ಲಿ ಬೆಳಕಿಂಡಿ. ಮುಂದೆ ಕಾಳಿನ ಬಜಾರು. ಬಂಡಿಗಳು, ಹಮಾಲರು, ತೂಕದವರು. ಹಗಲಲ್ಲಿ ನಮ್ಮ ಮನೆಯ ಹೆಂಗಸರು ಆ ಬೀದಿಗೆ ಇಳಿಯುತ್ತಿರಲಿಲ್ಲ. ಹಿಂದೆ ಬೇರೆಯವರ ಗೋದಾಮಿನ ಗೋಡೆ. ಹಾಗಾಗಿ ನಮಗೆ ಇದ್ದ ದಾರಿ ಮಾಳಿಗೆಯೇ. ಶಾವಿಗೆ ಒಣಗಿಸುವುದು, ಮೆಣಸಿನಕಾಯಿ ಹರವುವುದು, ಒಬ್ಬರ ಮನೆಗೆ ಒಬ್ಬರು ಹೋಗುವುದು ಎಲ್ಲ ಅದರ ಮೇಲೆ. ಅತ್ತೆಯವರ ಹೆಜ್ಜೆ ಬಿದ್ದು ಬಿದ್ದು ಕಿರಾಯಿ ಮನೆಯ ನೆತ್ತಿಯ ಮೇಲೆ ಒಂದು ನುಣುಪು ಗೆರೆಯೇ ಮೂಡಿತ್ತು.

ಚಿಕ್ಕತ್ತೆಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು. ಮಧ್ಯಾಹ್ನದ ಊಟವನ್ನು ಅಕ್ಕನೇ ಉಣಿಸಬೇಕು. ಒಲೆಯಿಂದ ಇಳಿದ ರೊಟ್ಟಿ ಆರುವುದರೊಳಗೆ ಅತ್ತೆಯವರು ಮಾಳಿಗೆ ದಾಟಿ ತಂಗಿಯ ಎದುರು ಕೂತಿರುತ್ತಿದ್ದರು.

ಕಿರಾಯಿ ಮನೆಯಲ್ಲಿದ್ದ ಮಾಸ್ತರರಿಗೆ ವರ್ಗವಾಗಿ ಮನೆ ಖಾಲಿ ಬಿತ್ತು. ಮಣ್ಣಿನ ಮಾಳಿಗೆಯ ಮನೆ ಖಾಲಿ ಇರಬಾರದು. ಒಲೆಯ ಹೊಗೆ ತೊಲೆಗಳನ್ನು ಒಣಗಿಸಬೇಕು, ಮಳೆ ಬಂದಾಗ ಯಾರಾದರೂ ಎದ್ದು ಬೆಳಕಿಂಡಿ ಮುಚ್ಚಬೇಕು. ಒಂದು ಮಳೆಗಾಲ ಜನವಿಲ್ಲದೆ ಕಳೆದರೆ ತೊಲೆಗೆ ಗೆದ್ದಲು ಹತ್ತುತ್ತದೆ. ಆಗಲೇ ಒಂದು ಮೂಲೆಯಲ್ಲಿ ಮಣ್ಣು ಉದುರಲು ಶುರುವಾಗಿತ್ತು.

ಅಂಥ ಹೊತ್ತಿಗೆ ದಲಾಲನೊಬ್ಬ ಪೇಶಕಾರರನ್ನು ಕರೆತಂದ. ಸರ್ಕಾರಿ ಕಚೇರಿಯ ಕಾಗದಪತ್ರ ನೋಡಿಕೊಳ್ಳಲು ಹೈದರಾಬಾದಿನಿಂದ ಹೊಸದಾಗಿ ಬಂದವರು, ಹೆಂಗಸರು ಹೊರಗಿನ ಗಂಡಸರ ಕಣ್ಣಿಗೆ ಬೀಳದ ಗೋಷಾ ಪಾಲಿಸುವ ಮನೆತನ. ಮನೆ ಅವರಿಗೆ ಮೆಚ್ಚಿಗೆಯಾಯಿತು. ಮಾಳಿಗೆ ಹತ್ತಿ ನೋಡಿ ಇಳಿದವರು, ಎರಡೂ ಕಡೆ ಆಳೆತ್ತರ ಗೋಡೆ ಬೇಕೆಂದರು.

"ಸಾಹೇಬರು ಖಾನ್ದಾನಿ ಮಂದಿ ಅದಾರ್ರಿ," ಎಂದ ದಲಾಲ. "ಗೋಡಿ ಏಳಸಿಕೊಟ್ರ ಸಾಮಾನು ಇಳಸೋದೇ."

"ಏಳಸೋಣ ಬಿಡ್ರಿ. ಮರ್ಯಾದಿ ಅಂಬೋದು ಎಲ್ಲರಿಗೂ ಒಂದೇ," ಎಂದರು ಮಾವ. ಪಡಸಾಲೆಯಲ್ಲಿ ಚಹಾ ಕುಡಿದು ಮುಗಿಯುವುದರೊಳಗೆ ಗಂಡಸರು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಎದ್ದರು. ನಡುಮನೆಯ ಬಾಗಿಲ ಹಿಂದೆ ಅತ್ತೆಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು.

ಬಂದವರು ಬೀದಿಗೆ ಇಳಿದದ್ದೇ ತಡ, ಒಳಗೆ ಶುರುವಾಯಿತು.

"ಗೋಡಿ ಕಟ್ಟಸ್ತೀರಿ, ಆತು. ಮಧ್ಯಾಹ್ನ ನಾ ಏನು ಹಕ್ಕಿ ಆಗಿ ಹಾರಿ ಹೋಗಬೇಕೇನು?"

"ತಂಗಿಗಿ ಉಣಸಾಕ ಆ ಮನ್ಯಾಗ ಸೊಸ್ತೇರಿಲ್ಲೇನು?" ಎಂದರು ಮಾವ.

"ಅದಾರ. ತಾಟು ಮುಂದಿಟ್ಟು ಹೋಗ್ತಾರ. ಆಕಿ ಸೋತ ಕೈ ಇಟಗೊಂಡು ತಾಟು ನೋಡ್ಕೋತ ಕೂಡಬೇಕು."

"ಮಳಿ ಬಂತಂದ್ರ ಆ ಮಾಳಗಿ ನಿಂದ್ರಂಗಿಲ್ಲ. ಮನಿ ಬಿದ್ರ ನಿನ್ನ ದಾರಿನೂ ಅದರ ಜೋಡಿ ಬೀಳ್ತದ. ತಿಳೀತೇನು?"

ಇಬ್ಬರದೂ ನಿಜವೇ. ಗೋಡೆ ಎದ್ದರೆ ಚಿಕ್ಕತ್ತೆಯ ಊಟ ಕೆಡುತ್ತದೆ, ಏಳದಿದ್ದರೆ ಮನೆ ಕೆಡುತ್ತದೆ. ನನಗೆ ಕಂಡದ್ದು ಇನ್ನೊಂದು. ಆ ಗೋಡೆಯ ಒಳಗೆ ಇರಬೇಕಾದವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

"ನಾ ಹೋಗಿ ಆ ಸಾಹೇಬರ ಹೆಂಡತಿಗಿ ಮಾತಾಡಿಸಿಕೊಂಡು ಬರ್ಲೇನ್ರಿ, ಅತ್ತಿ?" ಎಂದೆ.

"ಹೋಗಿ ಬಾ. ನಿನ್ನ ಇಂಗ್ರೇಜಿ ಸಾಲಿ ಒಂದಿನನಾರ ಉಪಯೋಗಕ್ಕ ಬರಲಿ."

"ಆಕಿ ಜೋಡಿ ಇಂಗ್ರೇಜಿ ಅಲ್ಲರಿ, ಉರ್ದು ಮಾತಾಡಬೇಕು."

"ನನಗ ಎಲ್ಲಾ ಒಂದೇ, ಹೋಗು."

ಪೇಶಕಾರರ ಕುಟುಂಬ ಸ್ಟೇಷನ್ನಿನ ಹತ್ತಿರ ಬಂಧುಗಳ ಮನೆಯಲ್ಲಿ ಇಳಿದಿತ್ತು. ಪರದೆ ಕಟ್ಟಿದ ಬಂಡಿಯಲ್ಲಿ ಹೋದೆ. ಬೇಗಮರು ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಕಿಟಕಿಯ ಕೆಳಗೆ ಬಿಸಿಲಿನ ಒಂದು ಸಣ್ಣ ತುಂಡು ಬಿದ್ದಿತ್ತು. ಅವರು ಅದರಲ್ಲೇ ಚಾಪೆ ಹಾಕಿ, ಬಿಸಿಲು ಸರಿದ ಹಾಗೆ ಚಾಪೆಯನ್ನೂ ಸರಿಸುತ್ತ, ಓಢಣಿಗೆ ಜರಿ ಅಂಚು ಹೊಲಿಯುತ್ತಿದ್ದರು. ನನ್ನ ಉರ್ದು ಕೇಳಿ ಮೊದಲು ನಕ್ಕರು. ಕಾನ್ವೆಂಟಿನಲ್ಲಿ ಕಲಿತದ್ದಕ್ಕೆ ತಾಂಡೂರಿನ ಬಜಾರಿನದು ಬೆರೆತ ಉರ್ದು ಅದು. ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದರು:

"ಮಾಳಿಗೆಯ ಮೇಲೆ ಬಿಸಿಲು ಎಷ್ಟು ಹೊತ್ತಿನ ತನಕ ಇರುತ್ತದೆ?"

"ಸಂಜೆಯ ತನಕ," ಎಂದೆ.

"ಹಾಗಾದರೆ ಆ ಮನೆ ನನಗೆ ಬೇಕು. ಇಲ್ಲಿ ತಲೆಗೆ ಎರೆದುಕೊಂಡರೆ ಕೂದಲು ಒಣಗುವುದೇ ಇಲ್ಲ."

ನಾನು ಗೋಡೆಯ ಮಾತೆತ್ತಿದೆ. ಅಕ್ಕ ತಂಗಿಯರ ಊಟದ ಸಂಗತಿಯನ್ನೂ ಬಿಚ್ಚಿ ಹೇಳಿದೆ. ಅವರು ಕೇಳುತ್ತ ಚಾಪೆಯನ್ನು ಮತ್ತೆ ಬಿಸಿಲಿಗೆ ಸರಿಸಿಕೊಂಡರು.

"ಗೋಡೆ ಕೇಳಿದವರು ನಮ್ಮ ಸಾಹೇಬರು, ಕೊಟ್ಟವರು ನಿಮ್ಮ ಮಾವನವರು. ನನ್ನನ್ನು ಕೇಳಿದವರು ಯಾರು? ಗಂಡಸರು ಮೇಲೆ ಬರಬಾರದು, ಅಷ್ಟೇ. ಹೆಂಗಸರಿಗೆ ನಾನು ಬೇಡ ಅನ್ನುತ್ತೇನೆಯೇ? ಹಾಗನ್ನಲು ಈ ಊರಲ್ಲಿ ನನ್ನ ಹತ್ತಿರ ಬಂದು ಕೂಡುವ ಹೆಂಗಸರಾದರೂ ಯಾರಿದ್ದಾರೆ?" ಎಂದವರು, ತಡೆದು, "ಆದರೆ ಬರುವ ಮೊದಲು ನನಗೆ ಗೊತ್ತಾಗಬೇಕು. ಓಢಣಿಯಿಲ್ಲದೆ, ತಲೆ ಬಿಚ್ಚಿಕೊಂಡು ಕೂತಿರುತ್ತೇನೆ," ಎಂದರು.

"ಗೋಡೆಯಲ್ಲಿ ಬಾಗಿಲು ಇಡಿಸೋಣ. ಆ ಕಡೆ ಒಂದು, ಈ ಕಡೆ ಒಂದು."

"ಚಿಲಕ ಯಾವ ಕಡೆ?"

"ನಿಮ್ಮ ಕಡೆ," ಎಂದೆ.

ಮನೆಯಲ್ಲಿ ಯಾರನ್ನೂ ಕೇಳದೆ ಕೊಟ್ಟ ಮಾತು ಅದು. ಆದರೂ ವಾಪಸು ಬರುವಾಗ ನನಗೆ ಅಳುಕಾಗಲಿಲ್ಲ. ಕಾನ್ವೆಂಟಿನಲ್ಲಿ ನಾವು ಮಲಗುವ ಕೋಣೆಗೆ ಸಿಸ್ಟರುಗಳು ಕೂಡ ಬಾಗಿಲು ಬಡಿದೇ ಬರುತ್ತಿದ್ದರು. ಕಟ್ಟಡ ಅವರದು, ಆದರೆ ಒಳಗೆ ಬಟ್ಟೆ ಬದಲಿಸುವವರು ನಾವು.

ಬಾಗಿಲಿಗೆ ಎಲ್ಲರೂ ಒಪ್ಪಿದರು. ಚಿಲಕದ ಮಾತು ಬಂದಾಗ ಅತ್ತೆಯವರು ರೊಟ್ಟಿ ತಟ್ಟುವುದನ್ನೇ ನಿಲ್ಲಿಸಿದರು.

"ಮಾಲಕರು ಯಾರು? ನಾವೋ, ಅವರೋ? ಚಿಲಕ ನಮ್ಮ ಕಡೀಗೇ ಇರಲಿ. ನಮಗ ಬೇಕಾದಾಗ ತಗೀತೀವಿ."

"ಎರಡೂ ಕಡೀಗಿ ಹಾಕಸಿಬಿಡೋಣ. ಜಗಳನ ಬ್ಯಾಡ," ಎಂದರು ಮಾವ.

"ಎರಡೂ ಕಡೀಗಿ ಚಿಲಕ ಇದ್ರ ಅದು ಬಾಗಿಲಲ್ಲರಿ ಮಾವ, ಗೋಡೀನೇ," ಎಂದೆ. "ಇಬ್ಬರಾಗ ಯಾರಿಗಿ ಸಿಟ್ಟು ಬಂದರೂ ದಾರಿ ಬಂದ್. ಕಿರಾಯಿ ತಗೊಂಡ ಮ್ಯಾಲ ಒಳಗ ಇರೋರು ಅವರು. ತಗಿಯೋದು, ಹಾಕೋದು ಅವರ ಕೈಯಾಗೇ ಇರಬೇಕು. ನಾವು ಬಡೀಬೇಕು."

ಅಲ್ಲೇ ಕೂತಿದ್ದ ನಮ್ಮ ಯಜಮಾನರು ಕನ್ನಡಕ ಒರೆಸುತ್ತ, "ಆಕಿ ಹೇಳೋದು ಬರೋಬರಿ ಅದ," ಎಂದರು.

"ಆಕಿ ಹೇಳಿದ್ದು ಬರೋಬರಿ ಇಲ್ಲ ಅಂತ ನೀ ಯಾವಾಗ ಅಂದೀದಿ?" ಎಂದ ಮಾವನಿಗೂ ನಗು ತಡೆಯಲಾಗಲಿಲ್ಲ. "ಆತು, ಹಂಗೇ ಆಗಲಿ."

ಅತ್ತೆಯವರು ನಗಲಿಲ್ಲ. "ನಾ ಈ ಮನೀಗಿ ಸೊಸಿ ಆಗಿ ಬಂದಾಗಿಂದ ಆ ಮಾಳಗಿ ತುಳದೀನಿ. ಜೀವ ಹೋದ್ರೂ ನಾ ಅಲ್ಲಿ ಕದ ಬಡಿಯಂಗಿಲ್ಲ," ಎಂದು ಹೆಂಚಿನ ಮೇಲಿನ ರೊಟ್ಟಿಯನ್ನು ಧಡಕ್ಕನೆ ತಿರುವಿ ಹಾಕಿದರು.

ಗೋಡೆ ಎದ್ದಿತು. ಬೇವಿನ ಹಲಗೆಯ ಗಿಡ್ಡ ಬಾಗಿಲುಗಳು ಕೂತವು. ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸಿದೆವು. ಮೇಲಿನ ಮಣ್ಣು ಮಾಲಕರದು, ಒಳಗಿನ ಸಾರಣೆ ಇರುವವರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಅದನ್ನೂ ಬಾಯಿಬಿಟ್ಟು ಹೇಳಿಯೇ ಮನೆ ಕೊಡಬೇಕು. ಪೇಶಕಾರರ ಸಾಮಾನು ಇಳಿಯಿತು. ಕೆಳಗಿನ ಒಲೆ ಹೊತ್ತಿ ಬೆಳಕಿಂಡಿಯಲ್ಲಿ ಹೊಗೆ ಎದ್ದಾಗ ಮಾವ ಅಂಗಳದಲ್ಲಿ ನಿಂತು ಅದನ್ನೇ ನೋಡಿದರು.

ಅತ್ತೆಯವರು ಮಾತ್ರ ಹಟ ಬಿಡಲಿಲ್ಲ. ಮಧ್ಯಾಹ್ನವಾದರೆ ಕಮಾನು ಬಂಡಿ ಹೂಡಿಸುತ್ತಿದ್ದರು. ಎತ್ತುಗಳು ಹೆಜ್ಜೆ ಕಿತ್ತಿಡುವುದರೊಳಗೆ ಚಿಕ್ಕತ್ತೆಯ ಬಾಗಿಲು ಬಂದುಬಿಡುತ್ತಿತ್ತು. ಕಾಳಿನ ಬಜಾರಿನವರಿಗೆ ಪುಕ್ಕಟೆ ತಮಾಷೆ.

"ಅಮ್ಮಾರು ಊರಿಗಿ ಹೊಂಟಾರೇನೋ?" ಎಂದು ಹಮಾಲರು ಕೇಳುವುದು ನಮ್ಮ ಕಿಟಕಿಗೂ ಕೇಳುತ್ತಿತ್ತು.

"ಹೌದಪ್ಪ, ದೂರದ ಊರು. ಹಾಂ, ಬಂತು ನೋಡು, ಇಳೀರಿ," ಎನ್ನುತ್ತಿದ್ದ ಬಂಡಿಯವನು.

ಬಂಡಿ ಹೂಡಿ, ಪರದೆ ಕಟ್ಟಿ, ಬಜಾರಿನ ಗದ್ದಲದಲ್ಲಿ ದಾರಿ ಸಿಗುವುದರೊಳಗೆ ರೊಟ್ಟಿ ಆರಿ ಸೆಟೆದುಹೋಗುತ್ತಿತ್ತು. ಚಿಕ್ಕತ್ತೆಗೆ ಕೈ ಸೋತಿದ್ದರೂ ನಾಲಿಗೆ ಸೋತಿರಲಿಲ್ಲ. "ಅಕ್ಕ, ಮೆರವಣಿಗಿ ಛಂದ ಇತ್ತು. ರೊಟ್ಟಿ ಮಾತ್ರ ಚಪ್ಪಲಿ ಆಗ್ಯಾವ," ಎಂದರಂತೆ. ಅತ್ತೆಯವರೇ ಬಂದು ಸಿಟ್ಟಿನಿಂದ ಹೇಳಿದರು. ಒಂದು ದಿನ ತುತ್ತು ಅರ್ಧಕ್ಕೇ ಸಾಕೆಂದರಂತೆ. ಅದನ್ನು ಹೇಳುವಾಗ ಸಿಟ್ಟಿರಲಿಲ್ಲ. ಬುಟ್ಟಿಯಲ್ಲಿ ಉಳಿದು ಬಂದ ರೊಟ್ಟಿಗಳ ಮೇಲೆ ಬಟ್ಟೆ ಎಳೆದು ಒಳಗೆ ಹೋದರು. ಬಡಿಯಿರಿ ಎಂದು ನಾನು ಹೇಳಿದ್ದರೆ ಅವರು ಎಂದೂ ಬಡಿಯುತ್ತಿರಲಿಲ್ಲ.

ಬಿತ್ತನೆ ಶುರುವಾಯಿತು. ಎತ್ತುಗಳು ಝರಾಸಂಗದ ಕಡೆಯ ಹೊಲಕ್ಕೆ ಹೋದವು, ಬಂಡಿ ಮೂಕಿಯನ್ನು ನೆಲಕ್ಕೆ ಊರಿ ನಿಂತಿತು. ಅಂದು ರೊಟ್ಟಿ ಬೇಯಿಸಿದ್ದೇ ಅತ್ತೆಯವರು ಬುಟ್ಟಿಯನ್ನೂ ಮಜ್ಜಿಗೆಯ ಚೊಂಬನ್ನೂ ಎತ್ತಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿದರು. ನಾನು ಮೆಣಸಿನಕಾಯಿ ತಿರುವಿ ಹಾಕುವ ನೆಪದಲ್ಲಿ ಹಿಂದೆಯೇ ಹೋಗಿ ದೂರ ಕೂತೆ.

ಅತ್ತೆಯವರು ಬಾಗಿಲ ಮುಂದೆ ನಿಂತರು. ಸೆರಗು ಸರಿ ಮಾಡಿಕೊಂಡರು. ಕೆಮ್ಮಿದರು. ಆ ಕಡೆಯಿಂದ ಸದ್ದಿಲ್ಲ. ಮತ್ತೆ ಕೆಮ್ಮಿ ಬಜಾರಿನ ಕಡೆ ಮುಖ ತಿರುಗಿಸಿ ನಿಂತರು, ತಾವು ಬಂದದ್ದು ಗಾಳಿಗೆ ಎನ್ನುವ ಹಾಗೆ. ಬುಟ್ಟಿಯ ಬಟ್ಟೆಯಡಿಯಿಂದ ಹಬೆ ಏಳುತ್ತಿತ್ತು, ಅದನ್ನು ನೋಡಿದರು. ಆಮೇಲೆ ಟಣ್ಣೆಂದು ಒಂದು ಸದ್ದು ಕೇಳಿತು.

"ಕೌನ್?" ಎಂದಿತು ಆ ಕಡೆಯ ಧ್ವನಿ.

ತಮ್ಮ ಮಾಳಿಗೆಯ ಮೇಲೆ ತಾವು ಯಾರೆಂದು ಹೇಳಲು ಅತ್ತೆಯವರಿಗೆ ಬಾಯಿ ಬರಲಿಲ್ಲ. ಆದರೂ ಚಿಲಕ ಸರಿಯಿತು. ಒದ್ದೆ ಕೂದಲು ಬೆನ್ನ ತುಂಬ ಇಳಿಬಿಟ್ಟುಕೊಂಡು, ಅವಸರದಲ್ಲಿ ಓಢಣಿ ಎಳೆದುಕೊಳ್ಳುತ್ತ ಬೇಗಮರು ನಿಂತಿದ್ದರು.

"ಆವ್ ಅಮ್ಮಾ, ಆವ್."

"ಕೂದ್ಲ ಇನ್ನಾ ಹಸಿ ಅದಾವಲ್ಲ ನಿನ್ನವು! ಬಿಸಿಲಾಗೇ ನಿಂದ್ರು, ನಿಂದ್ರು. ನಾ ಹೋಗ್ತೀನಿ," ಎಂದರು ಅತ್ತೆಯವರು. ಬೇಗಮರಿಗೆ ಕನ್ನಡ ಬಾರದು. ಆದರೂ ನಕ್ಕು, ಮುಂದೆ ಮುಂದೆ ನಡೆದು, ಚಿಕ್ಕತ್ತೆಯ ಕಡೆಯ ಬಾಗಿಲನ್ನೂ ತೆಗೆದು ಹಿಡಿದು ನಿಂತದ್ದು ನನಗೆ ಕಾಣಿಸಿತು.

ಅತ್ತೆಯವರು ವಾಪಸು ಬಂದಾಗ ನಾನು ತಲೆ ಎತ್ತದೆ ಕೇಳಿದೆ, "ಬಡಿದ್ರೇನ್ರಿ ಅತ್ತಿ?"

"ನಾ ಯಾಕ ಬಡೀಲಿ? ಕೈಯಾಗ ಮಜ್ಜಿಗಿ ಚೊಂಬಿತ್ತು, ಕದಕ್ಕ ತಾಕಿತು. ಆಕಿ ತೆಗದಳು."

"ಚಿಕ್ಕತ್ತಿ ಉಂಡ್ರೇನ್ರಿ?"

"ಉಣ್ಣದೇನು? ರೊಟ್ಟಿ ಬಿಸಿ ಇದ್ದುವು," ಎಂದು ಖಾಲಿ ಬುಟ್ಟಿ ಝಾಡಿಸಿ ಗೂಟಕ್ಕೆ ಹಾಕಿದರು.

ಮರುದಿನ ಮನೆಯಲ್ಲಿ ಮಜ್ಜಿಗೆ ಇರಲಿಲ್ಲ. ಅತ್ತೆಯವರು ರೊಟ್ಟಿಯ ಬುಟ್ಟಿಯ ಜೊತೆ ಖಾಲಿ ಚೊಂಬನ್ನೂ ಹಿಡಿದುಕೊಂಡು ಮಾಳಿಗೆ ಹತ್ತಿದರು.